ಅಮ್ಮನಿಗೆ 70: ಎಲ್ಲ ಸಿದ್ಧತೆಯೂ ಫೋನಿನಲ್ಲೇ ಆಗಬೇಕಿದೆ, ದಾರಿ ಹೇಳಿ

ನಡುಮಗಳು

ಎಲ್ಲರಿಗೂ ನಮಸ್ಕಾರ. ಇನ್ನೆರಡು ತಿಂಗಳಿಗೆ ನಮ್ಮಮ್ಮನಿಗೆ 70 ತುಂಬುತ್ತೆ. ನಾವು ಮೂವರು ಮಕ್ಕಳು. ಅಕ್ಕ ಹೊರದೇಶದಲ್ಲಿದ್ದಾಳೆ, ನಾನು ಬೇರೆ ಊರಲ್ಲಿ, ತಮ್ಮ ಅಮ್ಮನ ಜೊತೆಗೇ ಇದ್ದಾನೆ. ಮೂವರೂ ಒಟ್ಟಿಗೆ ಕೂತು ಮಾತಾಡಿ ವರ್ಷಗಳೇ ಆದವು. ಹಾಗಾಗಿ ಏನು ಮಾಡಿದರೂ ಫೋನಿನಲ್ಲೇ ಮಾಡಬೇಕು.

ಅಮ್ಮ ನಮಗಾಗಿ ಏನೆಲ್ಲ ಮಾಡಿದರು ಅಂತ ಇಲ್ಲಿ ಬರೆಯಲು ಹೋಗುವುದಿಲ್ಲ. ಅವರಿಗೆ ಅಂತ ಒಂದು ದಿನವನ್ನು ಇವತ್ತಿನವರೆಗೆ ಯಾರೂ ಎತ್ತಿಟ್ಟಿಲ್ಲ. ಈ ಸಲ ಇಡಲೇಬೇಕು ಅಂತ ಮೂವರಿಗೂ ಅನ್ನಿಸಿದೆ.

ಅಂದುಕೊಂಡಿರುವುದು ಇಷ್ಟು: ಅಮ್ಮನಿಗೆ ಗೊತ್ತಾಗದ ಹಾಗೆ ಒಂದು ವಾಟ್ಸಾಪ್ ಗ್ರೂಪ್ ಮಾಡಿ ಹತ್ತಿರದವರನ್ನೆಲ್ಲ ಸೇರಿಸುವುದು, ಒಬ್ಬೊಬ್ಬರ ಕೈಲೂ ಚಿಕ್ಕ ವಿಡಿಯೊ ಮಾಡಿಸುವುದು, ಅವನ್ನು ಜೋಡಿಸಿ ಆ ದಿನ ಟಿವಿಯಲ್ಲಿ ಹಾಕುವುದು. ಬರಲಾಗದವರಿಗೆ ವಿಡಿಯೊ ಕಾಲ್. ತೊಡಕು ಇರುವುದು ಒಂದೇ ಕಡೆ. ಅಮ್ಮನ ಹಳೇ ಗೆಳತಿಯರ ನಂಬರ್ ನಮ್ಮ ಯಾರ ಹತ್ತಿರವೂ ಇಲ್ಲ. ಅಮ್ಮನ ಫೋನಿನಲ್ಲಿ ಇರಬಹುದು. ತಮ್ಮನಿಗೆ ಅದರ ಪಿನ್ ಗೊತ್ತು. ಅಮ್ಮ ಮಲಗಿದ ಮೇಲೆ ತೆಗೆದು ನೋಡಲಾ ಅಂತ ಕೇಳ್ತಿದ್ದಾನೆ.

ಇಂಥದ್ದನ್ನು ಮಾಡಿದವರಿದ್ದರೆ ಹೇಳಿ. ಎಲ್ಲಿಂದ ಶುರು ಮಾಡಲಿ?

ಪಟ್ಟಿ ಬರೆಯುವವಳು

ಮೊದಲು ಒಂದು ಗ್ರೂಪ್ ಸಾಲದು, ಎರಡು ಬೇಕು. ನೀವು ಮೂವರು ಒಡಹುಟ್ಟಿದವರದ್ದು ಒಂದು, ಬರುವವರದ್ದು ಇನ್ನೊಂದು. ದುಡ್ಡಿನ ಮಾತು, ಯಾರನ್ನು ಕರೆಯಬೇಕು ಯಾರನ್ನು ಬಿಡಬೇಕು ಅನ್ನುವ ಮಾತು ದೊಡ್ಡ ಗ್ರೂಪಿನಲ್ಲಿ ಬಂದರೆ ಮನಸ್ತಾಪ ಖಂಡಿತ. ನಮ್ಮ ಮನೆಯಲ್ಲಿ ಒಬ್ಬರ ಹೆಸರು ತಡವಾಗಿ ಸೇರಿಸಿದ್ದಕ್ಕೆ ಅವರು ಬರಲೇ ಇಲ್ಲ. ಅಮ್ಮ ಆ ದಿನವಿಡೀ ಬಾಗಿಲ ಕಡೆಯೇ ನೋಡ್ತಿದ್ದರು.

ದೊಡ್ಡ ಗ್ರೂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಇದೆ, ಅದನ್ನು ಹಾಕಿಬಿಡಿ. ಇಲ್ಲದಿದ್ದರೆ ಬೆಳಗಿನ ಶುಭೋದಯದ ಚಿತ್ರಗಳ ನಡುವೆ ದಿನಾಂಕವೇ ಕಳೆದುಹೋಗುತ್ತೆ. ಜಾಗ, ಹೊತ್ತು, ದಾರಿಯ ಮ್ಯಾಪ್ ಇರುವ ಸಂದೇಶವನ್ನು ಮೇಲೆ ಪಿನ್ ಮಾಡಿ. ಶನಿವಾರವೋ ಭಾನುವಾರವೋ ಅನ್ನುವಂಥ ಪ್ರಶ್ನೆಗೆ ಪೋಲ್ ಹಾಕಿ. 12 ಆಯ್ಕೆಗಳವರೆಗೆ ಕೊಡಬಹುದು. ಆದರೆ ಮೂರಕ್ಕಿಂತ ಹೆಚ್ಚು ಕೊಟ್ಟರೆ ತೀರ್ಮಾನ ಆಗುವುದಿಲ್ಲ, ನನ್ನ ಅನುಭವ.

ಕೆಲಸದ ಪಟ್ಟಿಯನ್ನು ಚಾಟ್‌ನಲ್ಲಿ ಇಡಲೇಬೇಡಿ. ಗೂಗಲ್ ಕೀಪ್‌ನಲ್ಲಿ ಟಿಕ್ ಹಾಕುವ ಪಟ್ಟಿ ಮಾಡಿ ಮೂವರೂ ಹಂಚಿಕೊಳ್ಳಿ. ಒಬ್ಬರು ಟಿಕ್ ಹಾಕಿದರೆ ಉಳಿದವರಿಗೂ ಕಾಣುತ್ತೆ. ಒಂದೊಂದು ಕೆಲಸದ ಮುಂದೆ ಒಂದೇ ಹೆಸರು. "ಎಲ್ಲರೂ ನೋಡ್ಕೊಳ್ಳೋಣ" ಅಂದ ಕೆಲಸವನ್ನು ಯಾರೂ ನೋಡ್ಕೊಳ್ಳೋಲ್ಲ.

ರಾತ್ರಿಪಾಳಿ

ಗುಟ್ಟು ಎಲ್ಲೆಲ್ಲಿ ಸೋರುತ್ತೆ ಅಂತ ಹೇಳ್ತೀನಿ, ನಮ್ಮ ಮನೆಯಲ್ಲಿ ಎಲ್ಲ ಕಡೆಯೂ ಸೋರಿತ್ತು.

ಮೊದಲನೆಯದು ಲಾಕ್ ಸ್ಕ್ರೀನ್. ಫೋನ್ ಮೇಜಿನ ಮೇಲಿದೆ, ಅಮ್ಮ ಪಕ್ಕದಲ್ಲಿದ್ದಾರೆ, "ಅಮ್ಮನ ವಿಡಿಯೊ ಕಳಿಸಿದೀನಿ" ಅಂತ ಮೇಲೆ ಬಂತು. ಸಂದೇಶದ ಒಳಗಿನ ಮಾತು ಕಾಣದ ಹಾಗೆ ನೋಟಿಫಿಕೇಶನ್ ಸೆಟ್ಟಿಂಗ್ ಬದಲಿಸಿ, ನಿಮ್ಮ ತಮ್ಮ ಅಂತೂ ಇವತ್ತೇ ಬದಲಿಸಬೇಕು. ಚಾಟ್ ಲಾಕ್ ಕೂಡ ಇದೆ. ಆ ಗ್ರೂಪ್ ಪಟ್ಟಿಯಲ್ಲೇ ಕಾಣಿಸದೆ ಬೇರೆ ಕಡೆ ಹೋಗಿ ಕೂರುತ್ತೆ.

ಎರಡನೆಯದು ಯಾರಿಗೂ ಹೊಳೆಯುವುದಿಲ್ಲ. ಅಮ್ಮನ ಫೋನನ್ನು ಶುರುವಿನಲ್ಲಿ ಸಿದ್ಧ ಮಾಡಿಕೊಟ್ಟವರು ಯಾರು? ಎಷ್ಟೋ ಮನೆಗಳಲ್ಲಿ ಮಗನ ಅಕೌಂಟನ್ನೇ ಅಮ್ಮನ ಫೋನಿಗೂ ಹಾಕಿರ್ತಾರೆ. ಹಾಗಿದ್ದರೆ ಮಗ ತೆಗೆದ ಫೋಟೊ ಬ್ಯಾಕಪ್ ಆಗಿ ಅಮ್ಮನ ಫೋನಿನಲ್ಲೂ ಕಾಣುತ್ತೆ, ಕ್ಯಾಲೆಂಡರಿನಲ್ಲಿ ಬರೆದದ್ದೂ ಅಲ್ಲಿಗೆ ಹೋಗುತ್ತೆ. ಟಿವಿಯೂ ಅದೇ ಅಕೌಂಟಿನಲ್ಲಿದ್ದರೆ ಸುಮ್ಮನಿರುವಾಗ ಬರುವ ಫೋಟೊಗಳಲ್ಲಿ ನಿಮ್ಮ ಸಿದ್ಧತೆಯೆಲ್ಲ ಮೆರವಣಿಗೆ ಹೊರಡಬಹುದು. ನಮಗೆ ಆಗಿದ್ದೇ ಅದು.

ಮೂರನೆಯದು ತಪ್ಪಿ ಮನೆಯ ಗ್ರೂಪಿಗೆ ಕಳಿಸುವುದು. ಎಲ್ಲರಿಗೂ ಅಳಿಸಬಹುದು, ಆದರೆ ಸಂದೇಶ ಅಳಿಸಿದ ಗುರುತು ಉಳಿಯುತ್ತೆ. ಅದನ್ನು ನೋಡಿದ ತಾಯಿ ಕೇಳದೆ ಬಿಡುತ್ತಾರಾ? ಹೊಸ ಗ್ರೂಪಿಗೆ ಪೂರಾ ಬೇರೆ ಬಣ್ಣದ ಚಿತ್ರ ಹಾಕಿ, ಹೆಸರಿನಲ್ಲಿ ಅಮ್ಮ ಅನ್ನುವ ಪದವೇ ಬೇಡ.

ತಡವಾಗಿ ತಿಳಿದವನು

ಎಲ್ಲರೂ ಗುಟ್ಟು ಕಾಪಾಡುವುದು ಹೇಗೆ ಅಂತ ಹೇಳ್ತಿದ್ದೀರಿ. ಗುಟ್ಟು ಯಾಕೆ ಅಂತ ನಾನು ಕೇಳ್ತೀನಿ.

ನಾವು ನಮ್ಮಮ್ಮನಿಗೆ ಹೇಳದೆ ಮಾಡಿದ್ವಿ. ಬಾಗಿಲು ತೆಗೆದರು, ಒಳಗೆ ನಲವತ್ತು ಜನ, ಎಲ್ಲರ ಕೈಯಲ್ಲೂ ಫೋನು, ಎಲ್ಲ ಫೋನೂ ಅವರ ಮುಖದ ಕಡೆಗೆ. ಅಮ್ಮ ನಕ್ಕರು, ಅತ್ತರು, ಎಲ್ಲರನ್ನೂ ಮಾತಾಡಿಸಿದರು. ಚೆನ್ನಾಗಿ ಆಯ್ತು ಅಂತಲೇ ನಾವೆಲ್ಲ ಅಂದುಕೊಂಡಿದ್ವಿ. ತಿಂಗಳಾದ ಮೇಲೆ ಆ ವಿಡಿಯೊ ನೋಡ್ತಾ ಮೆಲ್ಲಗೆ ಅಂದರು: "ಒಂದು ಮಾತು ಹೇಳಿದ್ದರೆ ತಲೆಯನ್ನಾದರೂ ಬಾಚ್ಕೊಂಡು ಬರ್ತಿದ್ದೆನಲ್ಲೋ." ಆಮೇಲೆ ಆ ವಿಡಿಯೊವನ್ನು ನಾನು ಯಾರಿಗೂ ತೋರಿಸಿಲ್ಲ.

ನಿಮ್ಮಮ್ಮ ಹೇಗೋ ಗೊತ್ತಿಲ್ಲ. ಕೆಲವರಿಗೆ ಅಚ್ಚರಿ ಇಷ್ಟ. ಆದರೆ 70 ವರ್ಷದವರಿಗೆ ನಲವತ್ತು ಜನರ ನಡುವೆ ಇದ್ದಕ್ಕಿದ್ದ ಹಾಗೆ ನಿಲ್ಲುವುದು ಕಷ್ಟ. ದಿನ, ಹೊತ್ತು, ಜನ ಇವನ್ನು ಹೇಳಿಬಿಡಿ. ವಿಡಿಯೊ ಮಾತ್ರ ಗುಟ್ಟಾಗಿರಲಿ.

ಪಟ್ಟಿ ಬರೆಯುವವಳು

ಇದಕ್ಕೆ ನನ್ನದು ಪೂರ್ತಿ ಒಪ್ಪಿಗೆ ಇಲ್ಲ. ನಮ್ಮಮ್ಮನಿಗೆ ಮುಂಚೆ ಹೇಳಿದ್ದರೆ "ಯಾಕೆ ಖರ್ಚು, ಏನೂ ಬೇಡ" ಅಂತ ಅಲ್ಲಿಗೇ ನಿಲ್ಲಿಸ್ತಿದ್ದರು. ಬೇಡ ಅನ್ನುವುದನ್ನೇ ಅಭ್ಯಾಸ ಮಾಡ್ಕೊಂಡ ತಾಯಂದಿರನ್ನು ಕೇಳಿ ಮಾಡೋಕೆ ಆಗಲ್ಲ.

ತಡವಾಗಿ ತಿಳಿದವನು

ಮಾಡೋಣವಾ ಅಂತ ಕೇಳೋದು ಬೇಡ ಅಕ್ಕ, ಮಾಡ್ತಾ ಇದೀವಿ ಅಂತ ತಿಳಿಸೋದು. ನಾನು ಹೇಳಿದ್ದು ಅದು.

ಗ್ರಂಥಾಲಯದ ಕೆಲಸ

ನಡುಮಗಳು ಅವರೇ, ಅಮ್ಮನ ಫೋನಿನ ವಿಷಯಕ್ಕೆ ಬರ್ತೀನಿ. ದಯವಿಟ್ಟು ತೆಗೆಯಬೇಡಿ. ಒಳ್ಳೇ ಉದ್ದೇಶಕ್ಕೇ ಆದರೂ ಬೇಡ. ಪಿನ್ ಅನ್ನು ತಮ್ಮನಿಗೆ ಹೇಳಿದ್ದು ಫೋನ್ ಬಳಸಲು ತೊಡಕಾದಾಗ ಸಹಾಯ ಮಾಡಲಿ ಅಂತ. ನಂಬರ್ ಹುಡುಕ್ತಾ ಹುಡುಕ್ತಾ ಅವರು ತಂಗಿಗೆ ಬರೆದದ್ದು, ಡಾಕ್ಟರಿಗೆ ಕಳಿಸಿದ್ದು ಕಣ್ಣಿಗೆ ಬೀಳುತ್ತೆ. ನೋಡಿದ್ದನ್ನು ಮತ್ತೆ ನೋಡದೇ ಇದ್ದ ಹಾಗೆ ಮಾಡೋಕಾಗಲ್ಲ.

ಇನ್ನೊಂದು ದಾರಿ ಇದೆ. ಆ ವಯಸ್ಸಿನವರ ಹತ್ತಿರ ಸಾಮಾನ್ಯವಾಗಿ ನಂಬರ್ ಬರೆದಿಟ್ಟ ಒಂದು ಪುಸ್ತಕ ಇರುತ್ತೆ. ಮೂಲೆ ಮಡಚಿದ, ಮೂರು ಬಣ್ಣದ ಇಂಕಿನಲ್ಲಿ ತಿದ್ದಿದ ಪುಸ್ತಕ. "ಅಮ್ಮ, ಈ ಪುಸ್ತಕ ಹರಿದು ಹೋಗ್ತಿದೆ, ಇದರಲ್ಲಿರೋದನ್ನೆಲ್ಲ ನಿನ್ನ ಫೋನಿಗೆ ಹಾಕಿಕೊಡ್ತೀನಿ, ನೀನು ಓದು" ಅನ್ನಿ. ಇದರಲ್ಲಿ ಸುಳ್ಳೇನೂ ಇಲ್ಲ, ಆ ಕೆಲಸ ಹೇಗೂ ಆಗಬೇಕಾದದ್ದೇ.

ನಾನು ನಮ್ಮಮ್ಮನ ಜೊತೆ ಇದನ್ನು ಮಾಡಿದ್ದೇನೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ, ನಾಲ್ಕು ಮಧ್ಯಾಹ್ನ ಹಿಡಿಯಿತು. ಒಂದೊಂದು ಹೆಸರಿಗೂ ಒಂದು ಕತೆ. ಕೆಲವು ಹೆಸರಿನ ಹತ್ತಿರ ಬಂದಾಗ ಅಮ್ಮ ಓದದೆ ಪುಟ ತಿರುವಿದರು. ಆ ಹೆಸರಿನವರು ತೀರಿಕೊಂಡಿದ್ದರು. ಆ ನಂಬರುಗಳನ್ನು ಅಳಿಸೋಣವಾ ಅಂತ ಕೇಳಬೇಡಿ. ಪುಸ್ತಕದಲ್ಲಿ ಇರುವ ಹಾಗೇ ಇರಲಿ. ಫೋನಿಗೆ ಹಾಕುವಾಗ ಅಮ್ಮ ಕರೆಯುವ ಹೆಸರನ್ನೇ ಹಾಕಿ, ಪೂರ್ತಿ ಹೆಸರು ಹಾಕಿದರೆ ಅವರಿಗೆ ಗುರುತೇ ಸಿಗಲ್ಲ. ಕೆಲವು ನಂಬರ್ ಲ್ಯಾಂಡ್‌ಲೈನಿನದ್ದಾಗಿ ಸತ್ತುಹೋಗಿರುತ್ತೆ. ಆ ಗೆಳತಿಯ ಮಕ್ಕಳು ಯಾರು, ಎಲ್ಲಿದ್ದಾರೆ ಅಂತ ಕೇಳಿಟ್ಟುಕೊಳ್ಳಿ, ಅಲ್ಲಿಂದ ಹೊಸ ನಂಬರ್ ಸಿಗಬಹುದು.

ನಡುಮಗಳು

ಓದಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಅಂಥ ಪುಸ್ತಕ ಇದೆ. ನೀಲಿ ರಟ್ಟಿನದು. ಚಿಕ್ಕಂದಿನಲ್ಲಿ ಅದರ ಹಿಂದಿನ ಪುಟದಲ್ಲಿ ನಾನೇ ಚಿತ್ರ ಬರೆದಿದ್ದೆ. ಪಿನ್ ಮುಟ್ಟಬೇಡ ಅಂತ ತಮ್ಮನಿಗೆ ಹೇಳಿದೆ. ಮುಂದಿನ ವಾರ ರಜ ಹಾಕಿ ಊರಿಗೆ ಹೋಗ್ತಿದ್ದೀನಿ.

ವಿಡಿಯೊ ಬಗ್ಗೆ ತಿಳಿದವರು ಯಾರಾದರೂ ಇದ್ದೀರಾ?

ಎಡಿಟಿಂಗ್ ಮೇಜು

ಇದು ನನ್ನ ದಿನನಿತ್ಯದ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದಲು ಏನು ಕೇಳಬೇಕು ಅನ್ನೋದು. "ಅಮ್ಮನಿಗೆ ಶುಭಾಶಯ ಹೇಳಿ ವಿಡಿಯೊ ಕಳಿಸಿ" ಅಂದರೆ ಇಪ್ಪತ್ತು ಜನ ಒಂದೇ ವಾಕ್ಯ ಕಳಿಸ್ತಾರೆ. ನೂರು ವರ್ಷ ಬಾಳಿ, ಆರೋಗ್ಯವಾಗಿರಿ, ನಮಸ್ಕಾರ. ಐದನೆಯವರು ಬರುವ ಹೊತ್ತಿಗೆ ನೋಡುವವರ ಮನಸ್ಸು ಬೇರೆ ಕಡೆ ಹೋಗಿರುತ್ತೆ. ಅದರ ಬದಲು ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆ ಕೊಡಿ. ಅಮ್ಮನ ಜೊತೆ ನೀವು ಮೊದಲು ಮಾತಾಡಿದ ದಿನ ನೆನಪಿದೆಯಾ? ಅವರಿಂದ ಕಲಿತ ಒಂದು ಕೆಲಸ ಯಾವುದು? ಅವರು ನಿಮ್ಮನ್ನು ಬೈದದ್ದು ಯಾವಾಗ? ಬೈದ ಪ್ರಶ್ನೆಗೆ ಬರುವಷ್ಟು ಒಳ್ಳೆಯ ಉತ್ತರ ಯಾವುದಕ್ಕೂ ಬರಲ್ಲ. ಒಬ್ಬೊಬ್ಬರಿಗೆ 40 ಸೆಕೆಂಡ್ ಅಂತ ಹೇಳಿ. 15 ಜನ ಆದರೆ 10 ನಿಮಿಷ. ಅದಕ್ಕಿಂತ ಉದ್ದ ಬೇಡ.

ಚಿತ್ರೀಕರಣಕ್ಕೆ ನಾನು ಎಲ್ಲರಿಗೂ ಕಳಿಸುವ ಮಾತು ಇಷ್ಟೇ: ಫೋನ್ ಅಡ್ಡ ಹಿಡಿಯಿರಿ. ಮೊದಲು ಕ್ಯಾಮೆರಾ ಗಾಜನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮಸುಕು ವಿಡಿಯೊಗಳಲ್ಲಿ ಹೆಚ್ಚಿನವಕ್ಕೆ ಕಾರಣ ಬೆರಳಿನ ಜಿಡ್ಡು. ಕಿಟಕಿ ನಿಮ್ಮ ಬೆನ್ನ ಹಿಂದೆ ಬೇಡ, ಮುಖದ ಎದುರಿಗಿರಲಿ. ಫ್ಯಾನ್ ಆರಿಸಿ. ಏರೋಪ್ಲೇನ್ ಮೋಡ್ ಹಾಕಿ, ನಡುವೆ ಕಾಲ್ ಬರಲ್ಲ. ಫೋನ್ ಒಂದು ತೋಳಿನ ದೂರಕ್ಕಿಂತ ಆಚೆ ಹೋಗದಿರಲಿ, ದೂರ ಹೋದಷ್ಟೂ ದನಿ ಗುಹೆಯೊಳಗಿಂದ ಬಂದ ಹಾಗಾಗುತ್ತೆ. ಚಿತ್ರ ಸ್ವಲ್ಪ ಕೆಟ್ಟರೆ ನಡೆಯುತ್ತೆ, ದನಿ ಕೆಟ್ಟರೆ ಆ ವಿಡಿಯೊನೇ ಹೋಯ್ತು.

ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಚಿತ್ರದ ಸ್ಪಷ್ಟತೆ 1080ಪಿ, ಸೆಕೆಂಡಿಗೆ 30 ಫ್ರೇಮ್ ಸಾಕು. ಅದಕ್ಕಿಂತ ಹೆಚ್ಚಿನ 4ಕೆ ಇಡಬೇಡಿ, ಕಳಿಸೋಕೆ ಒದ್ದಾಡ್ತಾರೆ. 1080ಪಿಯಲ್ಲೇ ಒಂದು ನಿಮಿಷಕ್ಕೆ, ಫೋನ್ ಯಾವ ರೀತಿ ಉಳಿಸುತ್ತೆ ಅನ್ನುವುದರ ಮೇಲೆ, 60ರಿಂದ 130 ಎಂಬಿ ಆಗುತ್ತೆ.

ಕಳಿಸುವುದರಲ್ಲಿ ಎಲ್ಲರೂ ಎಡವುತ್ತಾರೆ. ವಾಟ್ಸಾಪ್‌ನಲ್ಲಿ ಮಾಮೂಲಿ ವಿಡಿಯೊ ಹಾಗೆ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತೆ. ಚಿಕ್ಕ ಪರದೆಯಲ್ಲಿ ಗೊತ್ತಾಗಲ್ಲ, ಟಿವಿಗೆ ಹಾಕಿದಾಗ ಮುಖವೆಲ್ಲ ಚೌಕ ಚೌಕ. ಡಾಕ್ಯುಮೆಂಟ್ ಅನ್ನುವ ಕಡೆಯಿಂದ ಕಳಿಸಲಿ, ಇದ್ದದ್ದು ಇದ್ದ ಹಾಗೇ ಬರುತ್ತೆ. 2 ಜಿಬಿಯವರೆಗೆ ಹೋಗುತ್ತೆ. ಅದು ಕಷ್ಟ ಅನ್ನುವವರಿಗೆ ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಲಿಂಕ್ ಕೊಡಿ.

ಕೊನೇ ದಿನಾಂಕವನ್ನು ನಿಜವಾದ ದಿನಕ್ಕಿಂತ ಮೂರು ವಾರ ಮುಂಚೆ ಹೇಳಿ. ಕಳಿಸದವರಿಗೆ ಗ್ರೂಪಿನಲ್ಲಿ ನೆನಪಿಸಬೇಡಿ, ಒಬ್ಬೊಬ್ಬರಿಗೆ ಫೋನ್ ಮಾಡಿ. ವಿಡಿಯೊ ಮಾಡೋಕೆ ನಾಚುವ ಹಿರಿಯರಿದ್ದರೆ ಬರೀ ಧ್ವನಿ ಕಳಿಸಲಿ, ಅದರ ಮೇಲೆ ಹಳೇ ಫೋಟೊ ಹಾಕಿದರಾಯ್ತು. ನಾನು ಮಾಡಿಕೊಟ್ಟವುಗಳಲ್ಲಿ ಜನ ಅತ್ತದ್ದು ಬಹುಪಾಲು ಅಂಥ ಕಡೆಗಳಲ್ಲೇ.

ಹಳೇ ಫೋಟೊ ಅಂದೆ. ಆಲ್ಬಮ್ಮಿನ ಪ್ಲಾಸ್ಟಿಕ್ ಮೇಲೆ ಬೆಳಕು ಹೊಳೆಯುತ್ತೆ, ಆದ್ದರಿಂದ ಆದಷ್ಟು ಹೊರಗೆ ತೆಗೆದು ಸ್ಕ್ಯಾನ್ ಮಾಡಿ. ಗೂಗಲ್‌ನ ಫೋಟೊಸ್ಕ್ಯಾನ್ ಆ್ಯಪ್ ಒಂದೇ ಚಿತ್ರವನ್ನು ಬೇರೆ ಬೇರೆ ಕೋನದಿಂದ ಹಲವು ಸಲ ತೆಗೆದು ಹೊಳಪನ್ನು ಕಳೆಯುತ್ತೆ. ಅಂಟಿಕೊಂಡು ಹೋದ ಫೋಟೊವನ್ನು ಮಾತ್ರ ಎಳೆಯಬೇಡಿ, ಮೇಲ್ಪದರವೇ ಕಿತ್ತು ಬರುತ್ತೆ. ಫೋಟೊದ ಹಿಂದೆ ಏನಾದರೂ ಬರೆದಿದ್ದರೆ ಆ ಬೆನ್ನಿನ ಚಿತ್ರವನ್ನೂ ತೆಗೆದುಕೊಳ್ಳಿ.

ಒತ್ತಕ್ಷರ

ಮೇಲಿನವರು ಬಿಟ್ಟದ್ದು ಒಂದಿದೆ. ಆಮಂತ್ರಣದಲ್ಲೂ ವಿಡಿಯೊದಲ್ಲೂ ಕನ್ನಡ ಅಕ್ಷರ. ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತೆ. ಅಮ್ಮ ಅಂತ ಬರೆದರೆ ಮ ಒಂದು ಕಡೆ, ಒತ್ತು ಇನ್ನೊಂದು ಕಡೆ. ಬೇರೆ ಯಾವ ಪದ ಕೆಟ್ಟರೂ ಸಹಿಸಬಹುದು, ಇದೊಂದು ಕೆಡಬಾರದು.

ಹಾಗಾದಾಗ ಅಕ್ಷರ ಸರಿಯಾಗಿ ಕೂಡುವ ಬೇರೆ ಆ್ಯಪ್‌ನಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ, ವಿಡಿಯೊ ಮೇಲೆ ಚಿತ್ರವಾಗಿಯೇ ಇಟ್ಟುಬಿಡಿ. ಗೂಗಲ್ ಫಾಂಟ್ಸ್‌ನಲ್ಲಿ ಕನ್ನಡದ ಯುನಿಕೋಡ್ (ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ) ಅಕ್ಷರಗಳು ಉಚಿತವಾಗಿ ಸಿಗುತ್ತವೆ: ನೋಟೊ ಸಾನ್ಸ್ ಕನ್ನಡ ಓದಲು ಸುಲಭ, ಬಾಲೂ ತಮ್ಮ 2 ದುಂಡಗೆ ದಪ್ಪಗಿದ್ದು ತಲೆಬರಹಕ್ಕೆ ಹೊಂದುತ್ತೆ, ತಿರೊ ಕನ್ನಡ ಹಳೇ ಪುಸ್ತಕದ ಅಚ್ಚಿನ ನೆನಪು ತರುತ್ತೆ. ಯಾರಾದರೂ ಕಂಪ್ಯೂಟರಿನಲ್ಲಿ ಯುನಿಕೋಡ್ ಅಲ್ಲದ, 'ನುಡಿ' ತಂತ್ರಾಂಶದ ಹಳೇ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದರೆ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತೆ, ಯುನಿಕೋಡಿಗೆ ಬದಲಿಸಿ ಕಳಿಸಲು ಹೇಳಿ.

ಸಮುದ್ರದಾಚೆ

ನಿಮ್ಮ ಅಕ್ಕನ ಜಾಗದಲ್ಲಿ ನಾನಿದ್ದೆ, ಹಾಗಾಗಿ ಬರೀತಿದ್ದೀನಿ. ದೂರದಿಂದ ಸೇರುವವರನ್ನು ಕೊನೆಯಲ್ಲಿ ಐದು ನಿಮಿಷ ತೋರಿಸಿ ಮುಗಿಸಬೇಡಿ. ನನ್ನ ಪಾಲಿಗೆ ಆ ದಿನ ಅಂದರೆ ಒಂದು ಗಂಟೆ ಚಾವಣಿ ನೋಡಿದ್ದು. ಫೋನನ್ನು ಯಾರೋ ಮೇಜಿನ ಮೇಲೆ ಅಂಗಾತ ಇಟ್ಟಿದ್ದರು. ಗದ್ದಲದಲ್ಲಿ ನಾನು ಕೂಗಿದ್ದು ಯಾರಿಗೂ ಕೇಳಲಿಲ್ಲ.

ಒಬ್ಬರನ್ನು ಅದಕ್ಕೇ ನೇಮಿಸಿ. ಅವರ ಕೆಲಸ ಫೋನ್ ಹಿಡಿದು ಅಮ್ಮನ ಹತ್ತಿರ ನಿಲ್ಲುವುದು, ದೂರದವರ ಹೆಸರು ಹೇಳಿ ಒಬ್ಬೊಬ್ಬರನ್ನೇ ಮಾತಾಡಿಸುವುದು. ಹದಿನಾರು ಹದಿನೇಳು ವಯಸ್ಸಿನ ಮೊಮ್ಮಕ್ಕಳಿದ್ದರೆ ಅವರೇ ಸರಿ. ಫೋನ್ ಪೂರ್ತಿ ಚಾರ್ಜ್ ಆಗಿರಲಿ, ಪವರ್ ಬ್ಯಾಂಕ್ ಜೇಬಿನಲ್ಲಿರಲಿ.

ವಾಟ್ಸಾಪ್ ವಿಡಿಯೊ ಕಾಲ್‌ನಲ್ಲಿ 32 ಜನ ಸೇರಬಹುದು. ಝೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷ, ಗೂಗಲ್ ಮೀಟ್‌ನಲ್ಲಿ ಮೂವರೋ ಹೆಚ್ಚೋ ಇದ್ದರೆ 60 ನಿಮಿಷ. ಇದು ಮುಂಚೆಯೇ ಗೊತ್ತಿದ್ದರೆ ಅಮ್ಮ ಮಾತಾಡುವ ಹೊತ್ತಿಗೆ ಕಾಲ್ ಕತ್ತರಿಸಿ ಹೋಗೋದು ತಪ್ಪುತ್ತೆ.

ಗಂಟೆಯನ್ನು ಬೆರಳೆಣಿಸಿ ಲೆಕ್ಕ ಹಾಕಬೇಡಿ. ಕೆಲವು ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತೆ. ಇವತ್ತಿನ ವ್ಯತ್ಯಾಸ ಎರಡು ತಿಂಗಳ ಮೇಲೆ ಇರಬೇಕು ಅಂತೇನಿಲ್ಲ. ಗೂಗಲ್ ಕ್ಯಾಲೆಂಡರಿನಲ್ಲಿ ಕಾರ್ಯಕ್ರಮ ಹಾಕಿ ಎಲ್ಲರನ್ನೂ ಸೇರಿಸಿ, ಅವರವರ ಫೋನಿನಲ್ಲಿ ಅವರವರ ಗಂಟೆಯೇ ಬರುತ್ತೆ.

ಮೆಲುದನಿ

ನಮ್ಮಮ್ಮನಿಗೆ ಕಿವಿ ಸ್ವಲ್ಪ ಮಂದ. ವಿಡಿಯೊದಲ್ಲಿ ಮಾತಿನ ಹಿಂದೆ ಸಂಗೀತ ಹಾಕಿದ್ದರಿಂದ ಅವರಿಗೆ ಒಂದು ಮಾತೂ ತಿಳಿಯಲಿಲ್ಲ. ಎಲ್ಲರೂ ನಕ್ಕಾಗ ಅವರೂ ನಕ್ಕರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮಾತಿರುವ ಕಡೆ ಸಂಗೀತ ಬೇಡವೇ ಬೇಡ, ಕೆಳಗೆ ದೊಡ್ಡ ಅಕ್ಷರದಲ್ಲಿ ಮಾತನ್ನು ಬರೆಯಿರಿ. ಮಾತಾಡುವವರ ಹೆಸರನ್ನೂ ಬರೆಯಿರಿ, ಮೂವತ್ತು ವರ್ಷದ ಮೇಲೆ ಕಂಡ ಮುಖ ತಕ್ಷಣ ಗುರುತಾಗಲ್ಲ.

ದಿನಾಂಕ ಇಲ್ಲದವರು

ನಡುವೆ ಒಂದು ಪ್ರಶ್ನೆ. ನಮ್ಮಮ್ಮನ ನಿಜವಾದ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ, ದಾಖಲೆಯಲ್ಲಿರುವುದು ಶಾಲೆಗೆ ಸೇರಿಸುವಾಗ ಅಂದಾಜಿಗೆ ಬರೆಸಿದ್ದು. ಅಮ್ಮಂದಿರ ದಿನದಂದೇ ಮಾಡಬಹುದಾ?

ಗ್ರಂಥಾಲಯದ ಕೆಲಸ

ಮಾಡಬಹುದು. ಮೇ ತಿಂಗಳ ಎರಡನೇ ಭಾನುವಾರ ಅನ್ನುವುದು ಅಮೆರಿಕದಿಂದ ಬಂದದ್ದು. ಆನಾ ಜಾರ್ವಿಸ್ ಎಂಬಾಕೆ ತೀರಿಕೊಂಡ ತಾಯಿಯ ನೆನಪಿಗೆ 1908ರಲ್ಲಿ ಶುರುಮಾಡಿದರು, 1914ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಘೋಷಿಸಿದರು. ಬ್ರಿಟನ್ನಿನಲ್ಲಿ ಬೇರೆ ಭಾನುವಾರ, ಮಾರ್ಚ್‌ನಲ್ಲೋ ಏಪ್ರಿಲ್ ಮೊದಲಲ್ಲೋ ಬರುತ್ತೆ. ಹೊರದೇಶದಲ್ಲಿರುವ ಮಕ್ಕಳು ಫೋನಿನ ಕ್ಯಾಲೆಂಡರ್ ನೋಡಿ ಗೊಂದಲ ಆಗುವುದು ಇದಕ್ಕೇ. ಜಾರ್ವಿಸ್ ಆಮೇಲೆ ಆ ದಿನ ವ್ಯಾಪಾರವಾದದ್ದನ್ನು ಕಂಡು ಅದರ ವಿರುದ್ಧವೇ ಹೋರಾಡಿದರು. ಅಚ್ಚಾದ ಕಾರ್ಡ್ ಕಳಿಸುವುದು ಅವರಿಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ.

ನಿಮ್ಮ ಕಡೆ ನಾನಿದ್ದಿದ್ದರೆ ಅಮ್ಮನನ್ನೇ ಕೇಳ್ತಿದ್ದೆ. ಯಾವ ದಿನವನ್ನು ನಿನ್ನದು ಅಂತ ಇಟ್ಟುಕೊಳ್ತೀಯ ಅಂತ. ಅದನ್ನು ಫೋನಿನಲ್ಲಿ ಪ್ರತಿ ವರ್ಷ ಬರುವ ಹಾಗೆ ಹಾಕಿದರೆ ಅದೇ ಅವರ ಹುಟ್ಟಿದ ದಿನ.

ಉಳಿದ ದನಿ

ನಮ್ಮಮ್ಮ ಈಗಿಲ್ಲ. ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನೀವೆಲ್ಲ ಅಮ್ಮನಿಗೆ ಬೇರೆಯವರ ದನಿ ಕೇಳಿಸುವ ಸಿದ್ಧತೆ ಮಾಡ್ತಿದ್ದೀರಿ. ಅಮ್ಮನ ದನಿಯನ್ನೂ ತೆಗೆದಿಡಿ. ನಮ್ಮ ಮನೆಯ ಗ್ರೂಪಿನಲ್ಲಿ ಜಾಗ ಉಳಿಯಲಿ ಅಂತ ತಾನಾಗಿ ಅಳಿಯುವ ಸೆಟ್ಟಿಂಗ್ ಹಾಕಿದ್ವಿ. 24 ಗಂಟೆ, 7 ದಿನ, 90 ದಿನ ಅಂತ ಬರುತ್ತಲ್ಲ, ಅದು. ಅಮ್ಮ ಟೈಪ್ ಮಾಡ್ತಿರಲಿಲ್ಲ, ಎಲ್ಲವೂ ಧ್ವನಿ ಸಂದೇಶವೇ. "ಮನೆಗೆ ಬಂದೆಯಾ, ಬಂದಿದ್ದರೆ ಒಂದು ಮಾತು ಹೇಳು" ಅಂತ ದಿನಾ ಕಳಿಸ್ತಿದ್ದರು. ಈಗ ನನ್ನ ಹತ್ತಿರ ಅದರಲ್ಲಿ ಒಂದೂ ಇಲ್ಲ. ಬೇರೊಂದು ಚಾಟ್‌ನಲ್ಲಿ ಉಳಿದಿದ್ದ 11 ಸೆಕೆಂಡಿನ ಒಂದು ತುಣುಕು ಇದೆ, ಅದರಲ್ಲಿ ಅವರು ಯಾವುದೋ ಬಿಲ್ಲಿನ ವಿಷಯ ಕೇಳ್ತಿದ್ದಾರೆ.

ಆ ಸೆಟ್ಟಿಂಗ್ ಇದ್ದರೆ ಇವತ್ತೇ ತೆಗೆಯಿರಿ. ಅಮ್ಮನ ಚಾಟ್ ಅನ್ನು ಮೀಡಿಯಾ ಸಹಿತ ಎಕ್ಸ್‌ಪೋರ್ಟ್ ಮಾಡಿ ಎರಡು ಕಡೆ ಇಡಿ. ಆ ನೀಲಿ ಪುಸ್ತಕ ಓದಿಸ್ತೀನಿ ಅಂದಿರಲ್ಲ ಅಕ್ಕ, ಆಗ ಅವರ ಒಪ್ಪಿಗೆ ಕೇಳಿ ರೆಕಾರ್ಡರ್ ಹಾಕಿ ಪಕ್ಕದಲ್ಲಿಡಿ.

ನಡುಮಗಳು

ತಮ್ಮಾ, ನೀವು ಬರೆದದ್ದಕ್ಕೆ ಏನು ಹೇಳಲಿ. ಓದಿದ ತಕ್ಷಣ ಮನೆಯ ಗ್ರೂಪ್ ನೋಡಿದೆ, 90 ದಿನ ಅಂತ ಇತ್ತು. ತೆಗೆದೆ.

ಎಪ್ಪತ್ತೆರಡರ ಅಮ್ಮ

ಇದನ್ನು ಮಾತಾಡಿ ಟೈಪ್ ಮಾಡಿಸ್ತಿದ್ದೇನೆ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ಮಕ್ಕಳೆಲ್ಲ ಅಮ್ಮಂದಿರ ಬಗ್ಗೆ ಮಾತಾಡ್ತಿದ್ದೀರಿ, ಒಬ್ಬ ಅಮ್ಮನೂ ಮಾತಾಡಲಿ ಅಂತ ಬಂದೆ.

ಎರಡು ವರ್ಷದ ಹಿಂದೆ ನನ್ನ ಮಕ್ಕಳೂ ಮಾಡಿದರು. ನನಗೆ ಹದಿನೈದು ದಿನ ಮುಂಚೆಯೇ ಗೊತ್ತಾಗಿತ್ತು. ನಾನು ಕೋಣೆಗೆ ಬಂದ ಕೂಡಲೇ ಫೋನ್ ಮಗುಚಿ ಇಡೋರು. ಗೊತ್ತಿಲ್ಲದ ಹಾಗೆ ಇದ್ದೆ, ಅವರ ಸಂತೋಷ ಯಾಕೆ ಕೆಡಿಸಲಿ. ಆ ಹದಿನೈದು ದಿನ ನನಗೂ ಬಹಳ ಹಿತವಾಗಿತ್ತು. ನನ್ನ ಬಗ್ಗೆ ಮೂರು ಜನ ಮಕ್ಕಳು ಗುಟ್ಟಾಗಿ ಮಾತಾಡಿಕೊಳ್ತಿದ್ದಾರೆ, ಜಗಳ ಇಲ್ಲದೆ.

ಒಂದೇ ಕೊರತೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬಳನ್ನು ಅವರು ಕರೆದಿರಲಿಲ್ಲ. ಅವಳು ಯಾರು ಅಂತಲೇ ಮಕ್ಕಳಿಗೆ ಗೊತ್ತಿಲ್ಲ. ನಾನು ಅಮ್ಮ ಆಗುವುದಕ್ಕೆ ಮುಂಚಿನ ಗೆಳತಿ ಅವಳು. ಯಾರು ಬಂದರೆ ನಿನಗೆ ಸಂತೋಷ ಅಂತ ಒಂದು ಸಲ ಕೇಳಿ. ಇನ್ನೊಂದು, ಆ ವಿಡಿಯೊ ನೋಡುವಾಗ ನನ್ನ ಮುಖದ ಮುಂದೆ ಕ್ಯಾಮೆರಾ ಹಿಡಿದಿದ್ದರು. ಅಳು ಬಂದರೂ ಅಳಲಿಲ್ಲ. ರಾತ್ರಿ ಒಬ್ಬಳೇ ಕೂತು ಮತ್ತೆ ನೋಡೋಣ ಅಂದರೆ ಅದು ನನ್ನ ಫೋನಿನಲ್ಲಿ ಎಲ್ಲಿದೆ ಅಂತ ತಿಳಿಯಲಿಲ್ಲ. ಮಗನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಅಮ್ಮನ ಕೈಗೆ ಸಿಗುವ ಹಾಗೆ ಫೋನಿನ ಮೊದಲ ಪರದೆಯಲ್ಲೇ ಇಟ್ಟುಕೊಡಿ.

ತಡವಾಗಿ ತಿಳಿದವನು

ಅಮ್ಮಾ, ನಿಮ್ಮ ಮಾತನ್ನು ನನ್ನ ಅಕ್ಕತಂಗಿಯರಿಗೆಲ್ಲ ಕಳಿಸಿದೆ.

ನಡುಮಗಳು

ಎರಡು ವಾರದಿಂದ ಬರೆಯಲಾಗಿರಲಿಲ್ಲ. ಊರಿಗೆ ಹೋಗಿದ್ದೆ.

ಅಮ್ಮನಿಗೆ ಹೇಳಿಬಿಟ್ಟೆವು. ಅಕ್ಕನೂ ವಿಡಿಯೊ ಕಾಲ್‌ನಲ್ಲಿದ್ದಳು. ದಿನ ಇಂಥದ್ದು, ಸುಮಾರು ಮೂವತ್ತು ಜನ, ನೀನು ಬೇಡ ಅನ್ನುವ ಹಾಗಿಲ್ಲ, ಯಾರು ಬರಬೇಕು ಅಂತ ಮಾತ್ರ ನೀನು ಹೇಳು. ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಎದ್ದು ಹೋಗಿ ಆ ನೀಲಿ ಪುಸ್ತಕವನ್ನು ತಾವೇ ತಂದರು. ನಾನು ಕೇಳುವ ಮೊದಲೇ.

ಮೂರು ಮಧ್ಯಾಹ್ನ ಕೂತೆವು. ಅಮ್ಮ ಓದಿದರು, ನಾನು ಫೋನಿಗೆ ಹಾಕಿದೆ, ರೆಕಾರ್ಡರ್ ಓಡ್ತಿತ್ತು. 64 ಹೆಸರು. ನಲವತ್ತಕ್ಕೂ ಹೆಚ್ಚು ನಂಬರ್ ಸತ್ತಿದ್ದವು. ಒಂದು ಹೆಸರು ಎಲ್ಲಕ್ಕಿಂತ ಮೊದಲ ಪುಟದಲ್ಲಿತ್ತು, ನಾನು ಯಾವತ್ತೂ ಕೇಳಿರದ ಹೆಸರು. ಯಾರು ಅಂದೆ. "ಮದುವೆಗೆ ಮುಂಚೆ ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು" ಅಂದರು. ಅಮ್ಮ ಹಾಸ್ಟೆಲಿನಲ್ಲಿದ್ದದ್ದೇ ನನಗೆ ಗೊತ್ತಿರಲಿಲ್ಲ. 72ರ ಅಮ್ಮಾ, ನಿಮ್ಮ ಮಾತು ಆಗ ನೆನಪಾಯ್ತು.

ಆ ಗೆಳತಿಯ ನಂಬರ್ ಹೋಗ್ತಿರಲಿಲ್ಲ. ಅವರ ಅಣ್ಣನ ಮಗನ ನಂಬರ್ ಪುಸ್ತಕದ ಬೇರೆ ಕಡೆ ಸಿಕ್ಕಿತು, ಅಲ್ಲಿಂದ ಅವರ ಮಗಳು, ಮಗಳಿಂದ ಅವರು. ನಾನು ಯಾರೆಂದು ಹೇಳಿದ ಮೇಲೆ ಆ ಕಡೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಅವರಿಗೆ ಪ್ರಯಾಣ ಆಗುವುದಿಲ್ಲ. ಧ್ವನಿ ಸಂದೇಶ ಕಳಿಸ್ತೀನಿ ಅಂದರು. ಇದೊಂದನ್ನು ಅಮ್ಮನಿಗೆ ಹೇಳಿಲ್ಲ.

ನಡುಮಗಳು

ನಿನ್ನೆ ಆಯ್ತು. ಇಲ್ಲಿ ಸಹಾಯ ಮಾಡಿದ ಎಲ್ಲರಿಗೂ ವರದಿ ಒಪ್ಪಿಸಬೇಕು.

29 ಜನ ಬಂದರು. ಅಕ್ಕನ ಫೋನ್ ಹಿಡಿಯುವ ಕೆಲಸ ತಮ್ಮನ ಮಗಳದ್ದು, ಅವಳು ಒಂದು ಕ್ಷಣವೂ ಕೆಳಗಿಡಲಿಲ್ಲ. ವಿಡಿಯೊವನ್ನು ಮುಂಚೆಯೇ ಪೆನ್‌ಡ್ರೈವಿಗೆ ಹಾಕಿಟ್ಟಿದ್ದೆವು, ಆ ಹೊತ್ತಿಗೆ ಸರಿಯಾಗಿ ನೆಟ್ ಹೋಗಿತ್ತು, ಅದರಿಂದ ಬಚಾವಾದೆವು. ಇನ್ನೊಂದು ತೊಂದರೆ ಹಿಂದಿನ ದಿನ ಪರೀಕ್ಷೆ ಮಾಡಿದ್ದರಿಂದ ಸಿಕ್ಕಿಬಿತ್ತು. ಬ್ಲೂಟೂತ್ ಸ್ಪೀಕರಿನಲ್ಲಿ ಮಾತು ತುಟಿಗಿಂತ ಹಿಂದೆ ಬರ್ತಿತ್ತು, ತಂತಿ ಹಾಕಿದ ಮೇಲೆ ಸರಿಹೋಯಿತು. ಟಿವಿ ಶುರುವಾಗುವ ಮುಂಚೆ ಎಲ್ಲರೂ ಫೋನ್ ಒಳಗಿಡಿ ಅಂತ ಕೇಳಿಕೊಂಡೆವು. ಇಟ್ಟರು.

ಕೊನೆಯದು ಆ ಕೋಣೆಯ ಗೆಳತಿಯದು. ಅವರ ಮಗಳು ಕಳಿಸಿದ ಹಳೇ ಫೋಟೊ, ಇಬ್ಬರು ಹುಡುಗಿಯರು ಒಂದೇ ಕೊಡೆಯ ಕೆಳಗೆ, ಅದರ ಮೇಲೆ ಅವರ ದನಿ. ಅಮ್ಮನನ್ನು ನಾವ್ಯಾರೂ ಕೇಳಿರದ ಒಂದು ಅಡ್ಡಹೆಸರಿನಿಂದ ಕರೆದರು. ಅಮ್ಮ ಪರದೆಯ ಹತ್ತಿರ ಹೋಗಿ ನಿಂತರು. ಅವರ ಮುಖ ಹೇಗಿತ್ತು ಅಂತ ಹೇಳಲು ನನ್ನ ಹತ್ತಿರ ವಿಡಿಯೊ ಇಲ್ಲ, ನಾವ್ಯಾರೂ ತೆಗೆಯಲಿಲ್ಲ.

ರಾತ್ರಿ ಅದನ್ನೆಲ್ಲ ಅಮ್ಮನ ಫೋನಿನ ಮೊದಲ ಪರದೆಗೆ ಹಾಕಿಕೊಟ್ಟೆ. ಬೆಳಗ್ಗೆ ಎದ್ದು ನೋಡಿದರೆ ಹಜಾರದಲ್ಲಿ ಕೂತು ಯಾರ ಜೊತೆಗೋ ಮಾತಾಡ್ತಿದ್ದರು. ಆ ಅಡ್ಡಹೆಸರು ಸ್ಪೀಕರಿನಲ್ಲಿ ಕೇಳಿಸಿತು. ನನ್ನನ್ನು ನೋಡಿ ಆಮೇಲೆ ಬಾ ಅಂತ ಕೈ ಸನ್ನೆ ಮಾಡಿದರು.